ಅಡ್ಡಗೆರೆ

ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದಳು. ಹತ್ತೂವರೆಗೇ ಅವನು ಮೇಜನ್ನು ಮೂರು ಸಲ ಒರೆಸಿ, ಪೆನ್ಸಿಲುಗಳ ಮೊನೆ ಒಂದೇ ಕಡೆ ಬರುವಂತೆ ಜೋಡಿಸಿ, ಮತ್ತೆ ಕೆಡಿಸಿ, ಎದುರಿನ ಖಾಲಿ ಕುರ್ಚಿಯನ್ನು ಒಮ್ಮೆ ಹತ್ತಿರಕ್ಕೆ ಒಮ್ಮೆ ದೂರಕ್ಕೆ ಎಳೆದು ನೋಡಿದ್ದ. ಹತ್ತಿರವಾದರೆ ಮುಖ ನೋಡಬೇಕಾಗುತ್ತದೆ. ದೂರವಾದರೆ ಜೋರಾಗಿ ಮಾತಾಡಬೇಕಾಗುತ್ತದೆ, ಕೋಣೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ. ಎರಡೂ ಬೇಡವಾಗಿತ್ತು. ನೀರು ಸರಬರಾಜು ಕಚೇರಿಯ ಮೂರನೆಯ ಮಹಡಿಯ ನಕ್ಷೆ ಕೋಣೆಯಲ್ಲಿ ಕೈಯಿಂದ ಗೆರೆ ಎಳೆಯುವವನು ಈಗ ಅವನೊಬ್ಬನೇ. ಉಳಿದವರೆಲ್ಲ ಕಂಪ್ಯೂಟರಿಗೆ ಹೋಗಿ ಹತ್ತು ವರ್ಷವಾಗಿತ್ತು. ನೆಲದಡಿಯ ಹಳೆಯ ಕೊಳವೆಗಳು ಎಲ್ಲಿ ತಿರುಗುತ್ತವೆ, ಎಲ್ಲಿ ಒಂದರ ಮೇಲೊಂದು ಹಾಯುತ್ತವೆ ಎಂಬುದೆಲ್ಲ ಅವನ ಕೈಬರಹದಲ್ಲೇ ಇದ್ದುದರಿಂದ, ನಿವೃತ್ತಿಗೆ ಉಳಿದ ಹದಿನಾಲ್ಕು ತಿಂಗಳು ಯಾರೂ ಅವನ ತಂಟೆಗೆ ಬರುವಂತಿರಲಿಲ್ಲ. ‘ಏನ್ ಸಾರ್, ಇವತ್ತು ಯಾವ ಕೊಂಬೆಯಿಂದ ಯಾರು ಇಳೀತಾರೆ?’ ಎಂದು ಪಕ್ಕದ ಮೇಜಿನ ಎಸ್ಟಿಮೇಟಿನವನು ಕೇಳಿದ. ಎರಡು ವರ್ಷದಿಂದ ಕಚೇರಿಯಲ್ಲಿ ಅವನಿಗೆ ವಂಶೋದ್ಧಾರಕ ಎಂದೇ ಹೆಸರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದ. ಇವತ್ತು ‘ಯಾರೋ ದೂರದವರು’ ಎಂದ. ಹೇಳಿದ ಮೇಲೆ ಆ ಮಾತು ಬಾಯಲ್ಲಿ ಕಹಿಯಾಗಿ ಉಳಿಯಿತು. ಅಪ್ಪನ ಒಡಹುಟ್ಟಿದ ತಮ್ಮನ ಮಗಳು ದೂರದವಳು ಹೇಗಾಗುತ್ತಾಳೆ?

ಭಾನುವಾರಗಳು ಸವೆಯದೆ ಹಿಡಿದ ಹುಚ್ಚು ಅದು, ಮನೆತನದ ವಂಶವೃಕ್ಷ ಬರೆಯುವುದು. ಮುತ್ತಜ್ಜನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಐದು ತಲೆಮಾರು, ಅರವತ್ತು ಮನೆ. ಯಾರ್ಯಾರದೋ ಮನೆ ಬಾಗಿಲು ತಟ್ಟಿ, ನಾನು ಇಂಥವರ ಮೊಮ್ಮಗ ಎಂದು ಹೇಳಿಕೊಂಡು, ಒಳಗೆ ಕರೆದವರ ಮನೆಯಲ್ಲಿ ಕೂತು, ಕರೆಯದವರ ಮನೆಯ ಮೆಟ್ಟಿಲ ಮೇಲೆ ನಿಂತು, ಹೆಸರು ಇಸವಿ ಬರೆದುಕೊಂಡು ಬಂದಿದ್ದ. ಮೂವತ್ತು ವರ್ಷ ಮಾತು ಬಿಟ್ಟಿದ್ದ ಇಬ್ಬರು ಷಡ್ಡಕರು ಅವನ ನಕ್ಷೆಯಲ್ಲಿ ಅಕ್ಕಪಕ್ಕ ಬಿದ್ದಿದ್ದೇ ನೆಪವಾಗಿ ಫೋನಿನಲ್ಲಿ ಮಾತಾಡಿದರಂತೆ, ಮತ್ತೆ ಜಗಳವಾಡಿದರಂತೆ. ಸತ್ತವರ ಹೆಸರು ಬರೆಯುವಾಗಲೂ ಅವನಿಗೆ ಕಚೇರಿಯ ಶಿಸ್ತೇ: ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡದ್ದಕ್ಕೆ ಪೂರ್ತಿ ಗೆರೆ, ಬರೀ ಕೇಳಿದ್ದಕ್ಕೆ ತುಂಡುಗೆರೆ, ಮುಂದೆ ಹೋಗದೆ ನಿಂತ ಕೊಳವೆಗೆ ತುದಿಯಲ್ಲೊಂದು ಸಣ್ಣ ಅಡ್ಡಗೆರೆ. ನೋಡದ್ದನ್ನು ನೋಡಿದೆ ಎಂದು ಎಳೆದರೆ ನಾಳೆ ಯಾರೋ ಗುದ್ದಲಿ ಹಾಕಿದಾಗ ನೆಲ ಹೇಳಿಬಿಡುತ್ತದೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಅವನೇ. ಆ ಅರವತ್ತು ಮನೆಯ ಗೋಡೆಗೂ ಹೋದ ಪ್ರತಿಯಲ್ಲಿ, ಮೂರನೆಯ ಸಾಲಿನ ಬಲತುದಿಯಲ್ಲಿ, ಚಿಕ್ಕಪ್ಪನ ಹೆಸರಿನ ಕೆಳಗೆ ಅವನು ಒಂದು ಅಡ್ಡಗೆರೆ ಹಾಕಿದ್ದ. ನೋಡದೆ ಹಾಕಿದ್ದು. ನೋಡದೆ ಎಂದರೂ ಸುಳ್ಳೇ. ಚಿಕ್ಕಪ್ಪನ ವಿಳಾಸ ಬರೆದ ಚೀಟಿ ಎರಡು ವರ್ಷದಿಂದ ಇದೇ ಮೇಜಿನ ಡ್ರಾಯರಿನಲ್ಲಿ, ಮುರಿದ ಅಳತೆಪಟ್ಟಿಗಳ ಕೆಳಗೆ ಬಿದ್ದಿತ್ತು. ಅಮ್ಮನ ಕಡೆಯ ಒಬ್ಬ ಟೈಲರ್ ಮಾವ ತಾನಾಗಿಯೇ ಕೊಟ್ಟಿದ್ದ. ‘ಬಸ್ಸಲ್ಲಿ ಮೂರು ಗಂಟೆ ದಾರಿ ಅಷ್ಟೆ. ಹೋಗಿ ಬಾ. ಮುದುಕ ಖುಷಿಪಡ್ತಾನೆ’ ಎಂದಿದ್ದ.

ಮೊನ್ನೆ ಫೋನು ಬಂದಾಗ ಅವನು ಎಂದಿನಂತೆ ಕಾಗದ ಪೆನ್ಸಿಲು ಎಳೆದುಕೊಂಡೇ ಎತ್ತಿದ್ದ. ‘ಅಣ್ಣಾ, ನಾನು ನಿಮ್ಮ ಚಿಕ್ಕಪ್ಪನ ಮಗಳು’ ಎಂದಿತು ಆ ಕಡೆಯ ದನಿ. ಯಾರದೋ ಮನೆಯ ಗೋಡೆಯ ಮೇಲೆ ನಕ್ಷೆ ನೋಡಿದಳಂತೆ, ಕೆಳಗೆ ಬರೆದ ನಂಬರು ಗುರುತು ಹಾಕಿಕೊಂಡಳಂತೆ. ಆಮೇಲೆ ಏನೇನೋ ಹೇಳಿದಳು. ಅವನ ಕಿವಿಗೆ ಮೊದಲ ಒಂದು ಶಬ್ದದ ಮೇಲೆ ಏನೂ ಇಳಿಯಲಿಲ್ಲ. ಅವನನ್ನು ಅಣ್ಣ ಎಂದು ಕರೆಯುವ ಹಕ್ಕಿದ್ದವಳು ಒಬ್ಬಳೇ ಇದ್ದಳು, ಅವಳಿಗೂ ಆ ಶಬ್ದ ಪೂರ್ತಿ ಬರುತ್ತಿರಲಿಲ್ಲ, ಅನ್ನಾ ಅನ್ನಾ ಎಂದುಕೊಂಡು ಹಿಂದೆ ಹಿಂದೆ ಬರುತ್ತಿದ್ದಳು. ತಂಗಿ ಪುಟ್ಟಿ. ಮೂರು ತುಂಬಿರಲಿಲ್ಲ. ಅವನಿಗೆ ಎಂಟು. ಹಿತ್ತಲಿನ ನೆಲದೊಳಗೆ ನೀರಿನ ತೊಟ್ಟಿ, ಅದರ ಮೇಲೆ ಚಿಕ್ಕಪ್ಪನೇ ಮಾಡಿದ ಮರದ ಮುಚ್ಚಳ. ಚಿಕ್ಕಪ್ಪ ಬಡಗಿ ಕೆಲಸ ಕಲಿಯುತ್ತಿದ್ದ, ಇಪ್ಪತ್ತೆರಡು ವರ್ಷ, ಕಿವಿಯ ಮೇಲೆ ಯಾವಾಗಲೂ ಪೆನ್ಸಿಲು. ಗೆರೆ ಎಳೆಯೋವಾಗ ಉಸಿರು ಹಿಡ್ಕೋ, ಕೈ ತಾನಾಗೇ ನಿಲ್ಲುತ್ತೆ, ಎಂದು ಹಲಗೆಯ ಮೇಲೆ ಅವನ ಕೈ ಹಿಡಿದು ಎಳೆಸಿದವನು. ಇವತ್ತಿಗೂ ಅವನು ಉಸಿರು ಹಿಡಿದೇ ಗೆರೆ ಎಳೆಯುತ್ತಾನೆ. ಮೂವತ್ತೈದು ವರ್ಷ ಸಂಬಳ ತಂದುಕೊಟ್ಟ ವಿದ್ಯೆ ಆ ಒಂದು ಮಧ್ಯಾಹ್ನದ್ದು.

ಹತ್ತೂಮುಕ್ಕಾಲಿಗೆ ಅತ್ತೆಯ ಫೋನು. ಅಪ್ಪನ ಅಕ್ಕ, ಎಂಬತ್ತಾರು ವರ್ಷ, ಕಣ್ಣು ಹೋಗಿದ್ದರೂ ಮನೆತನದ ಮೇಲಿನ ಹಿಡಿತ ಹೋಗಿರಲಿಲ್ಲ. ‘ಅವಳು ಬಂದ್ಲೇನೋ?’ ಎಂದಳು. ‘ಇನ್ನೂ ಇಲ್ಲ ಅತ್ತೆ.’ ‘ಬಂದ್ರೆ ಬಾಯಿಗೆ ಬಂದಿದ್ದು ಒಪ್ಕೋಬೇಡ. ಕೂರ್ಸು, ಮಾತಾಡ್ಸು, ಕಳ್ಸು. ಆ ಗೆರೆ ಹಾಗೇ ಇರ್ಲಿ. ನಿಮ್ಮಪ್ಪ ಸಾಯೋವಾಗ್ಲೂ ತಮ್ಮನ ಹೆಸ್ರು ಎತ್ತಲಿಲ್ಲ. ನೀನು ಅವನ ವಂಶ ಬರೆದು ಊರಿಗೆಲ್ಲ ಹಂಚ್ತೀಯಾ?’ ಅವನು ಹೂಂ ಎಂದ. ‘ಹೂಂ ಅಂದ್ರೆ ಹೂಂ ಅನ್ನಬೇಕು. ನಿನ್ನ ಹೂಂ ನನಗೆ ಗೊತ್ತಿಲ್ವಾ?’ ಎಂದು ಅವಳೇ ಇಟ್ಟುಬಿಟ್ಟಳು. ಅತ್ತೆಗೆ ಗೊತ್ತಿದ್ದದ್ದು ಅಷ್ಟೇ. ತಮ್ಮ ತೊಟ್ಟಿಯ ಮುಚ್ಚಳ ತೆಗೆದಿಟ್ಟು ಹೋದ, ಮಗು ಬಿತ್ತು, ಅಣ್ಣ ತಮ್ಮನನ್ನು ಹೊರಗೆ ಹಾಕಿದ. ಮುಚ್ಚಳ ತೆಗೆದವನು ಯಾರು ಎಂದು ಈ ಭೂಮಿಯ ಮೇಲೆ ಗೊತ್ತಿದ್ದವರು ಇಬ್ಬರೇ ಎಂದು ಅವನು ಐವತ್ತು ವರ್ಷ ನಂಬಿಕೊಂಡು ಬಂದಿದ್ದ: ಒಬ್ಬ ತಾನು, ಇನ್ನೊಬ್ಬ ಚಿಕ್ಕಪ್ಪ. ಕಲ್ಲು ಹಾಕಿ ಶಬ್ದ ಕೇಳಲೆಂದು ಮುಚ್ಚಳ ಸರಿಸಿದ್ದ. ಏಳು ಕಲ್ಲು ಹಾಕಿದ್ದ. ಎಂಟನೆಯದನ್ನು ಹುಡುಕಲು ಹೋದವನನ್ನು ಅಮ್ಮ ಊಟಕ್ಕೆ ಕರೆದಳು. ಸಂಜೆ ಎಲ್ಲರೂ ಹಿತ್ತಲಲ್ಲಿ ನಿಂತಿದ್ದಾಗ ಅಪ್ಪ, ಅಳುತ್ತಿದ್ದನೋ ಕೂಗುತ್ತಿದ್ದನೋ ತಿಳಿಯದ ದನಿಯಲ್ಲಿ, ಮುಚ್ಚಳ ತೆಗೆದಿದ್ದು ಯಾರು ಎಂದ. ಅವನ ಬಾಯಿ ತಾನಾಗಿ ಹೇಳಿತು: ಚಿಕ್ಕಪ್ಪ ನೀರು ತಗೊಂಡು ಹಾಗೇ ಬಿಟ್ಟುಹೋದ, ನಾನು ನೋಡ್ದೆ. ಆಗ ಚಿಕ್ಕಪ್ಪ ತಲೆ ಒಂದು ಕಡೆಗೆ ವಾಲಿಸಿ ಅವನನ್ನು ನೋಡಿದ. ತುಂಬ ಹೊತ್ತು ನೋಡಿದ. ಇಲ್ಲ ಎನ್ನಲಿಲ್ಲ. ರಾತ್ರಿಯೊಳಗೆ ಹೊರಟುಹೋದ. ಆ ನೋಟವೇ ಅವನ ಪಾಲಿಗೆ ಉಳಿದದ್ದು. ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದು ಚಿಕ್ಕಪ್ಪನಿಗೆ ತಿಳಿಯಿತು, ತಿಳಿದೂ ತಾನೇ ಹೊತ್ತುಕೊಂಡ, ನನ್ನನ್ನು ಬಿಟ್ಟುಕೊಟ್ಟ. ಇದನ್ನು ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಅದು ಕ್ಷಮೆಯೇ ಆಗಿಹೋಗಿತ್ತು. ಒಬ್ಬನಾದರೂ ಎಲ್ಲ ತಿಳಿದು ಕ್ಷಮಿಸಿದ್ದಾನಲ್ಲ ಎಂದು ಅದಕ್ಕೆ ಒರಗಿಕೊಂಡೇ ಮದುವೆಯಾದ, ಮಕ್ಕಳನ್ನು ಸಾಕಿದ, ಅಪ್ಪನ ಕೊನೆಗಾಲದಲ್ಲಿ ಪಕ್ಕದಲ್ಲಿ ಕೂತ. ಹಾಗಿದ್ದರೆ ಚೀಟಿ ಸಿಕ್ಕಾಗ ಯಾಕೆ ಹೋಗಲಿಲ್ಲ? ಕ್ಷಮಿಸಿದವನ ಎದುರು ನಿಲ್ಲುವುದು ಕ್ಷಮಿಸದವನ ಎದುರು ನಿಲ್ಲುವುದಕ್ಕಿಂತ ಕಷ್ಟ, ಅದಕ್ಕೇ, ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದ. ಈಗ ಚಿಕ್ಕಪ್ಪನಿಂದ ಎಲ್ಲ ಕೇಳಿಕೊಂಡ ಮಗಳು ಬರುತ್ತಿದ್ದಾಳೆ. ಎಸ್ಟಿಮೇಟಿನವನ ಮುಂದೆ, ಇಡೀ ಕೋಣೆಯ ಮುಂದೆ, ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಅವನ ಅಂಗೈ ಬೆವೆತು ಮೇಜಿನ ಮೇಲೆ ಗುರುತು ಮೂಡಿತು. ನಾಲ್ಕನೆಯ ಸಲ ಒರೆಸಿದ.

ಅವಳು ಹೇಳಿದ ಸಮಯಕ್ಕೇ ಬಂದಳು. ನಲವತ್ತರ ಹೆಂಗಸು, ಹೆಗಲಿಗೆ ದೊಡ್ಡ ಚೀಲ, ಮೂರು ಮಹಡಿ ಹತ್ತಿ ಏದುಸಿರು. ‘ಲಿಫ್ಟ್ ಕೆಟ್ಟಿದೆಯಂತೆ. ನೀರಿನ ಆಫೀಸಲ್ಲಿ ನೀರಾದ್ರೂ ಮೇಲೆ ಹತ್ತುತ್ತಾ ಅಣ್ಣಾ?’ ಎಂದು ನಕ್ಕಳು. ಅವನು ಅಂದುಕೊಂಡಿದ್ದ ಮುಖವಲ್ಲ ಅದು. ಸಿಟ್ಟಿನ ಮುಖಕ್ಕೆ ಉತ್ತರ ಸಿದ್ಧಮಾಡಿಕೊಂಡಿದ್ದವನು ನಗುವ ಮುಖಕ್ಕೆ ಕುರ್ಚಿ ತೋರಿಸಿದ, ಲೋಟದಲ್ಲಿ ನೀರು ತಂದಿಟ್ಟ. ಅವಳು ಅರ್ಧ ಕುಡಿದು, ಮೇಜಿನ ಮೇಲಿದ್ದ ಅವನ ಟಿಪ್ಪಣಿ ಪುಸ್ತಕ ತೆಗೆದು ಲೋಟದ ಬಾಯಿಗೆ ಮುಚ್ಚಿದಳು. ತಾನು ಮಾಡಿದ್ದನ್ನು ತಾನೇ ಆಮೇಲೆ ನೋಡಿದವಳ ಹಾಗೆ ‘ಅಯ್ಯೋ, ಪುಸ್ತಕ ಒದ್ದೆಯಾಗುತ್ತೇನೋ. ನಮ್ಮನೇಲಿ ಎಲ್ಲರಿಗೂ ಇದೊಂದು ಚಾಳಿ. ಏನೂ ತೆರೆದಿಡೋ ಹಾಗಿಲ್ಲ’ ಎಂದಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸವಂತೆ ಅವಳದು. ‘ನಿಮ್ಮ ಎಡಗಡೆ ಗಾಜು ಸರಿಯಿಲ್ಲ ಅಣ್ಣಾ. ಅದಕ್ಕೇ ತಲೆ ವಾಲಿಸ್ತೀರ. ಇಲ್ಲ, ಗಾಜಲ್ಲ. ಅಪ್ಪನೂ ಹೀಗೇ ವಾಲಿಸ್ತಿದ್ರು.’ ಪಕ್ಕದ ಮೇಜಿನಲ್ಲಿ ಟೈಪಿಂಗ್ ನಿಂತಿತು. ಅವನು ತಲೆಯನ್ನು ನೆಟ್ಟಗೆ ಮಾಡಿಕೊಂಡ. ಎರಡು ಕ್ಷಣ ಬಿಟ್ಟು ಅದು ಮತ್ತೆ ವಾಲಿತು.

‘ಚಿಕ್ಕಪ್ಪ ಹೇಗಿದಾರೆ?’ ಎಂದು ಕೇಳಿದ. ಕೇಳುವಾಗಲೇ, ವಾಲಿಸ್ತಿದ್ರು ಎಂದಳಲ್ಲ ಈಗ ತಾನೆ, ಎಂದು ಹೊಳೆಯಿತು. ಅಡ್ಡಗೆರೆ ಹಾಕಿದವನಿಗೆ ಆರೋಗ್ಯ ವಿಚಾರಿಸುವ ಬಾಯಿ ಬೇರೆ. ‘ಹೋಗಿ ಹನ್ನೊಂದು ತಿಂಗಳಾಯ್ತು’ ಎಂದಳು. ಅವನ ತಲೆ ತಾನಾಗಿ ಕಳೆಯಿತು: ಚೀಟಿ ಕೈಗೆ ಬಂದು ಇಪ್ಪತ್ತನಾಲ್ಕು ತಿಂಗಳು. ಹದಿಮೂರು ತಿಂಗಳು ಚಿಕ್ಕಪ್ಪ ಮೂರು ಗಂಟೆಯ ದಾರಿಯಲ್ಲಿ ಬದುಕಿದ್ದ. ಆ ಹದಿಮೂರು ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಭಾನುವಾರ. ಅವನು ಅಷ್ಟೂ ಭಾನುವಾರ ಯಾರ್ಯಾರದೋ ಮನೆಯ ಮೆಟ್ಟಿಲು ಹತ್ತಿದ್ದ, ಯಾರದೋ ಮೂರನೆಯ ಹೆಂಡತಿಯ ತವರಿನ ಹೆಸರಿಗಾಗಿ ಎರಡು ಬಸ್ಸು ಬದಲಾಯಿಸಿದ್ದ. ಅವಳು ಚೀಲದಿಂದ ನಕ್ಷೆಯ ಪ್ರತಿ ತೆಗೆದು ಬಿಚ್ಚಿದಳು. ಅವನದೇ ಗೆರೆಗಳು, ಅವನದೇ ಅಕ್ಷರ. ಬಲತುದಿಯಲ್ಲಿ ಬೆರಳಿಟ್ಟಳು. ‘ಇದೇನಿದು ಅಡ್ಡ?’ ‘ಅದು, ಮಾಹಿತಿ ಸಿಗದೇ ಇದ್ದಾಗ ಹಾಕೋದು’ ಎಂದ. ನಕ್ಷೆಯ ಕೆಳಗೆ ಮೂಲೆಯಲ್ಲಿ, ಅವನದೇ ಮುದ್ದಾದ ಅಕ್ಷರದಲ್ಲಿ, ಅಡ್ಡಗೆರೆ ಎಂದರೆ ವಂಶ ಇಲ್ಲಿಗೆ ನಿಂತಿತು ಎಂದು ಬರೆದಿತ್ತು. ಇಬ್ಬರೂ ಅದನ್ನು ಓದಿದರು. ‘ಟೈಲರ್ ಮಾವ ನಿಮಗೆ ವಿಳಾಸ ಕೊಟ್ಟಿದ್ದೆ ಅಂತಂದ್ರು’ ಎಂದಳು ಮೆತ್ತಗೆ. ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಸುಳ್ಳು ಗೆರೆ ಎಳೆದವನೆಂದು ಯಾರೂ ಬೆರಳು ತೋರಿಸಿರಲಿಲ್ಲ. ಅವನು ಡ್ರಾಯರಿನ ಹಿಡಿಯನ್ನು ಮೊಣಕಾಲಿನಿಂದ ಒತ್ತಿಹಿಡಿದು ಕೂತ, ಅದು ತಾನಾಗಿ ತೆರೆದುಕೊಂಡೀತೆಂಬ ಹಾಗೆ.

‘ಬಿಡಿ ಅಣ್ಣಾ, ನಾನು ಜಗಳಕ್ಕೆ ಬಂದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ’ ಎಂದಳು. ‘ತಂಗೀನ ಕಳ್ಕೊಂಡವರು ನೀವು. ನಮ್ಮ ಮನೆ ವಿಳಾಸ ಹಿಡ್ಕೊಂಡು ನೀವು ಹುಡುಕ್ಕೊಂಡು ಹೋಗಬೇಕಿತ್ತಾ? ಅಪ್ಪ ಬರಬೇಕಿತ್ತು. ಎಷ್ಟು ಸಲ ಹೊರಟಿದ್ರು ಗೊತ್ತಾ? ಬಸ್‌ಸ್ಟ್ಯಾಂಡಿನ ತನಕ ಹೋಗೋರು, ವಾಪಸ್ ಬರೋರು. ಅವರಿಗೆ ಆ ದಿನ ನೀರು ಎತ್ತಿದ್ದು ನೆನಪಿತ್ತು. ಮುಚ್ಚಳ ಹಾಕಿದ್ದು ಮಾತ್ರ ಎಷ್ಟು ಜ್ಞಾಪಿಸಿಕೊಂಡ್ರೂ ನೆನಪಾಗ್ತಿರ್ಲಿಲ್ಲ. ಹಾಕಿದೆ ಅಂತ ಒಂದು ಮನಸ್ಸು, ಇಲ್ಲ ಅಂತ ಒಂದು ಮನಸ್ಸು. ಆಮೇಲೆ ಅವರೇ ಹೇಳೋರು, ಅಣ್ಣನ ಮಗ ನೋಡಿದಾನೆ. ಅವನು ನನ್ನ ಶಿಷ್ಯ. ಗೆರೇನೂ ಸೊಟ್ಟ ಎಳೆಯೋನಲ್ಲ, ಅಂಥಾ ಮಗು ಸುಳ್ಳು ಯಾಕೆ ಹೇಳುತ್ತೆ. ನಾನೇ ಕೊಂದೆ. ಹೀಗಂತಲೇ ಹೋದ್ರು ಅಣ್ಣಾ.’ ಅವಳ ದನಿ ಒಡೆಯಿತು. ಕೈ ಮುಗಿದಳು. ‘ಅವರ ಬದಲು ನಾನು ಕೇಳ್ತಿದೀನಿ. ಕ್ಷಮಿಸಿದೆ ಅಂತ ಒಂದು ಮಾತು ಹೇಳಿ. ಗೆರೆ ಬೇಕಾದ್ರೆ ಹಾಗೇ ಇರ್ಲಿ.’

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ, ಕೈಯಲ್ಲಿ ಎಂಟನೆಯ ಕಲ್ಲಿಲ್ಲ, ಚಿಕ್ಕಪ್ಪ ತಲೆ ವಾಲಿಸಿ ನೋಡುತ್ತಿದ್ದಾನೆ. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ನನಗೆ ಗೊತ್ತು ಎಂಬ ಮಾತೂ ಇರಲಿಲ್ಲ. ಒಬ್ಬ ಇಪ್ಪತ್ತೆರಡರ ಹುಡುಗ ಎಂಟರ ಹುಡುಗನನ್ನು ಕೇಳುತ್ತಿದ್ದ: ಹೌದೇನೋ? ನಾನು ಹಾಕಲಿಲ್ವೇನೋ? ನೀನು ಸರಿಯಾಗಿ ನೋಡಿದೆಯಾ? ಅಷ್ಟೇ ಇದ್ದದ್ದು. ಅವನು ಉತ್ತರ ಹೇಳಿರಲಿಲ್ಲ. ತಲೆ ತಗ್ಗಿಸಿದ್ದ, ಮತ್ತು ಚಿಕ್ಕಪ್ಪ ಅದನ್ನು ಹೌದು ಎಂದು ತೆಗೆದುಕೊಂಡು ಹೊರಟುಹೋಗಿದ್ದ. ಹಾಗಾದರೆ ಇಷ್ಟು ವರ್ಷ ಯಾರೂ ಅವನನ್ನು ಕ್ಷಮಿಸಿರಲಿಲ್ಲ. ಯಾರಿಗೂ ಗೊತ್ತೇ ಇರಲಿಲ್ಲ. ಒರಗಿ ಕೂತ ಗೋಡೆ ಹಿಂದಿನಿಂದ ಇಲ್ಲವಾದ ಹಾಗಾಯಿತು. ಈಗ ಒಂದು ಮಾತು ಹೇಳಿದರೆ ಮುಗಿಯುತ್ತದೆ ಎಂಬುದೂ ಅದೇ ಗಳಿಗೆಯಲ್ಲಿ ಹೊಳೆಯಿತು, ನಾಚಿಕೆಯಾಗುವಷ್ಟು ಸ್ಪಷ್ಟವಾಗಿ ಹೊಳೆಯಿತು. ಕ್ಷಮಿಸಿದೆನಮ್ಮ ಎಂದರಾಯಿತು. ಅಡ್ಡಗೆರೆ ಅಳಿಸಿ, ಅವಳ ಹೆಸರು ಬರೆದು, ಪೂರ್ತಿ ಗೆರೆ ಎಳೆದರಾಯಿತು. ಅವಳು ಅತ್ತು ಹಗುರಾಗಿ ಬಸ್ಸು ಹತ್ತುತ್ತಾಳೆ. ಅತ್ತೆ ನಾಲ್ಕು ದಿನ ಬೈದು ಸುಮ್ಮನಾಗುತ್ತಾಳೆ. ದೊಡ್ಡ ಮನಸ್ಸಿನ ಮನುಷ್ಯ ಎಂದು ಅರವತ್ತು ಮನೆಯವರೂ ಮಾತಾಡಿಕೊಳ್ಳುತ್ತಾರೆ. ಅವನು ಬಾಯಿ ತೆರೆದ. ‘ಕ್ಷ’ ಎಂಬಷ್ಟು ಹೊರಗೆ ಬಂತು. ಎದುರಿಗೆ ಮುಗಿದ ಕೈಗಳು, ಬೆರಳ ಗೆಣ್ಣು ದಪ್ಪ, ಬಡಗಿಯ ಕೈಗಳೇ ಹೆಣ್ಣಿಗೆ ಬಂದಿದ್ದವು.

‘ಮುಚ್ಚಳ ತೆಗೆದಿದ್ದು ನಾನು’ ಎಂದ.

ಅವಳು ಕೈ ಇಳಿಸಲಿಲ್ಲ. ಕೇಳಿಸಿಲ್ಲವೇನೋ ಎಂದು ಅವನಿಗೆ ಒಂದು ಕ್ಷಣ ಆಸೆಯಾಯಿತು. ‘ಕಲ್ಲು ಹಾಕೋಕೆ ತೆಗೆದೆ. ಮುಚ್ಚೋಕೆ ಮರೆತೆ. ಅಪ್ಪ ಕೇಳಿದಾಗ ಹೆದರಿಕೆಯಾಯ್ತು. ಚಿಕ್ಕಪ್ಪ ಮುಚ್ಚೇ ಹೋಗಿದ್ರು. ನಾನು ಸರಿಸೋವಾಗ ಅದು ಹಾಕೇ ಇತ್ತು.’ ಪಕ್ಕದ ಮೇಜಿನ ಎಸ್ಟಿಮೇಟಿನವನು ಕುರ್ಚಿ ಹಿಂದಕ್ಕೆ ತಳ್ಳಿ, ಯಾವುದೋ ಕಡತ ಹುಡುಕುವವನಂತೆ ಎದ್ದು ಹೊರಗೆ ಹೋದ. ಅವಳು ಈಗ ಕೈಗಳನ್ನು ಒಂದರಿಂದೊಂದು ಬಿಡಿಸಿ ಮಡಿಲಲ್ಲಿಟ್ಟುಕೊಂಡಳು. ಅವಳ ಮುಖದಲ್ಲಿ ಸಿಟ್ಟು ಹುಡುಕಿದ. ಸಿಕ್ಕಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ನಕ್ಷೆಯನ್ನು ಮಡಿಸುತ್ತಿದ್ದಳು, ಹಳೆಯ ಮಡಿಕೆಗಳ ಮೇಲೇ, ಒಂದೂ ತಪ್ಪದಂತೆ. ಮಡಿಸಿ ಮುಗಿದ ಮೇಲೆ ‘ನನಗೆ ಹೇಳಬೇಡಿ’ ಎಂದಳು. ಅಣ್ಣ ಎನ್ನಲಿಲ್ಲ. ‘ಅಮ್ಮ ಕೆಳಗೆ ಕೂತಿದಾರೆ. ಯಾವ ಮುಖ ಇಟ್ಕೊಂಡು ಮೇಲೆ ಬರಲಿ ಅಂತ ಅಲ್ಲೇ ಕೂತ್ರು. ಮದುವೆಯಾದಾಗಿನಿಂದ ಕೊಲೆಗಾರನ ಹೆಂಡ್ತಿ ಅಂತಲೇ ಬದುಕಿದಾರೆ ಅವರು. ಬಂದು ಅವರಿಗೆ ಹೇಳಿ.’

ಮೂರು ಮಹಡಿಯ ಮೆಟ್ಟಿಲನ್ನು ಅವನು ಮೂವತ್ತೈದು ವರ್ಷದಲ್ಲಿ ಎಷ್ಟು ಸಲ ಇಳಿದಿದ್ದನೋ. ಇವತ್ತು ಪ್ರತಿಯೊಂದು ಮೆಟ್ಟಿಲಿಗೂ ಕಾಲು ಕೇಳಿ ಕೇಳಿ ಇಳಿಯಿತು. ಅವಳು ಮುಂದೆ, ಅವನು ಹಿಂದೆ. ಎರಡನೆಯ ಮಹಡಿಯಲ್ಲಿ, ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅತ್ತೆ. ಬಡಿದುಕೊಂಡು ತಾನಾಗಿ ನಿಂತಿತು. ಕೆಳಗಿನ ಹಾಲಿನಲ್ಲಿ ಎಂದಿನ ಗಲಾಟೆ, ಕೌಂಟರಿನ ಮುಂದೆ ದೂರು ಕೊಡಲು ನಿಂತವರ ಉದ್ದನೆಯ ಸಾಲು, ಯಾರದೋ ನಲ್ಲಿಯಲ್ಲಿ ವಾರದಿಂದ ನೀರಿಲ್ಲ. ಗೋಡೆಯ ಪಕ್ಕದ ಬೆಂಚಿನ ಮೇಲೆ ಒಬ್ಬ ಸಣಕಲು ಮುದುಕಿ, ಅವಳ ಬಗಲಲ್ಲಿ ಸಾರ್ವಜನಿಕರಿಗೆ ಇಟ್ಟ ಕುಡಿಯುವ ನೀರಿನ ಡ್ರಮ್ಮು. ಸಾಲಿನಿಂದ ಒಬ್ಬ ಬಂದು ನೀರು ಮೊಗೆದು ಕುಡಿದು ಮುಚ್ಚಳ ಅರ್ಧ ಬಿಟ್ಟು ಹೋದ. ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು, ಮುಚ್ಚಳ ಸರಿಯಾಗಿ ಕೂರಿಸಿದಳು, ಕೂತಳು. ಇನ್ನೊಬ್ಬಳು ಬಂದಳು, ಕುಡಿದಳು, ಬಿಟ್ಟುಹೋದಳು. ಮುದುಕಿ ಮತ್ತೆ ಎದ್ದಳು. ಬೆಳಗಿನಿಂದ ಎಷ್ಟು ಸಲ ಎದ್ದಿದ್ದಳೋ. ಅವನು ಕೊನೆಯ ಮೆಟ್ಟಿಲ ಮೇಲೆ ನಿಂತುಬಿಟ್ಟ. ಮಗಳು ಹಿಂದೆ ತಿರುಗಿ ನೋಡಿದಳು, ಕರೆಯಲಿಲ್ಲ.

ಹತ್ತಿರ ಹೋದಾಗ ಮುದುಕಿ ಗಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡಳು. ‘ದೊಡ್ಡ ಮನೆಯೋರು ನೀವು ಇಳಿದು ಬರಬೇಕಿತ್ತಾ’ ಎಂದಳು. ‘ಚಿಕ್ಕಮ್ಮ, ಕೂತ್ಕೊಳ್ಳಿ’ ಎಂದ ಅವನು. ಅವಳು ಕೂರಲಿಲ್ಲ. ಅವನು ಹೇಳಿದ. ದನಿ ಅವನಿಗೇ ಕೇಳಿಸುವಷ್ಟಿತ್ತು. ಮುದುಕಿ ಕಿವಿಯ ಹಿಂದೆ ಕೈಯಿಟ್ಟು ಬಾಗಿದಳು. ‘ಗಲಾಟೆ ಅಪ್ಪಾ, ಕೇಳಿಸ್ತಾ ಇಲ್ಲ. ಸ್ವಲ್ಪ ಜೋರಾಗಿ ಹೇಳು.’ ಅವನು ಮಗಳ ಕಡೆ ನೋಡಿದ. ಅವಳು ಬೇರೆ ಕಡೆ ನೋಡುತ್ತಿದ್ದಳು. ಗೆರೆ ಎಳೆಯುವಾಗಿನ ಹಾಗೆ ಅವನು ಉಸಿರು ಹಿಡಿದ, ಹಿಡಿದ ಉಸಿರಿನಲ್ಲಿ ಮಾತು ಬರುವುದಿಲ್ಲವೆಂದು ತಿಳಿದು ಬಿಟ್ಟ.

‘ಅವತ್ತು ತೊಟ್ಟಿ ಮುಚ್ಚಳ ತೆಗೆದಿದ್ದು ನಾನು, ಚಿಕ್ಕಮ್ಮ! ಚಿಕ್ಕಪ್ಪ ಅಲ್ಲ! ನಾನು ಸುಳ್ಳು ಹೇಳ್ದೆ!’

ಸಾಲಿನಲ್ಲಿದ್ದವರು ತಿರುಗಿದರು. ಕೌಂಟರಿನ ಹಿಂದಿನ ಗುಮಾಸ್ತೆ ಮೂವತ್ತೈದು ವರ್ಷ ಅವನ ದನಿ ಇಷ್ಟು ಎತ್ತರದಲ್ಲಿ ಕೇಳಿರಲಿಲ್ಲ. ಎದ್ದು ನಿಂತು ನೋಡಿದಳು. ಮುದುಕಿ ಕೈಯನ್ನು ಕಿವಿಯ ಹಿಂದಿನಿಂದ ತೆಗೆದಳು. ಬೆಂಚನ್ನು ಕೈಯಿಂದ ತಡವಿ ಹುಡುಕಿ ಕೂತಳು. ಡ್ರಮ್ಮಿನ ಮುಚ್ಚಳ ಮತ್ತೆ ಯಾರೋ ಅರ್ಧ ಬಿಟ್ಟಿದ್ದರು, ಅವಳು ಅದರ ಕಡೆ ನೋಡಲಿಲ್ಲ. ಅವನ ಮುಖಕ್ಕೆ ಮುಖ ಎತ್ತಿದಳು. ಬೈಯುವ ದನಿಯಲ್ಲ ಅದು, ಲೆಕ್ಕ ಸಿಗದೆ ಕೇಳುವವರ ದನಿ.

‘ಹೋದ ವರ್ಷದ ತನಕ ಇದ್ರಲ್ಲಪ್ಪಾ ಅವರು’ ಎಂದಳು.